ಒಂದು ‘ಘಾಟಿ’, ನಾಲ್ಕು ಸೆಕೆಂಡು: ಉಮೇದುವಾರನ ಬಾಯಿಮಾತು ಸುದ್ದಿಯಾದಾಗ

ಓದುಗರ ಪ್ರಶ್ನೆ (ಮುಂಬಯಿಯ ಭಾಂಡುಪಿನಿಂದ ಬಂದ ಉದ್ದದ ಪತ್ರವನ್ನು ಸ್ವಲ್ಪ ಮೊಟಕುಗೊಳಿಸಲಾಗಿದೆ):

“ನಮ್ಮವರು ಕುಂದಾಪುರದ ಕಡೆಯವರು. ಹದಿನಾರನೇ ವಯಸ್ಸಿಗೆ ಮುಂಬಯಿಗೆ ಬಂದು ಹೊಟೇಲಿನಲ್ಲಿ ಟೇಬಲ್ ಒರೆಸಿ, ರಾತ್ರಿಶಾಲೆ ಓದಿ, ಈಗ ಸಣ್ಣ ಹೊಟೇಲು ನಡೆಸುತ್ತಿದ್ದಾರೆ. ಈ ಸಲದ ಪಾಲಿಕೆ ಚುನಾವಣೆಗೆ ಪಕ್ಷೇತರರಾಗಿ ನಿಂತಿದ್ದರು. ನಮ್ಮ ಗುಡ್ಡದ ಮೇಲಿನ ಚಾಳಿನಲ್ಲಿ (ಸಾಲುಮನೆಗಳಲ್ಲಿ) ಒಬ್ಬರು ಮರಾಠಿ ಆಜಿ (ಅಜ್ಜಿ) ಇದ್ದಾರೆ. ನೀರಿನ ಪೈಪಿಗಾಗಿ ವಾರ್ಡ್ ಆಫೀಸಿಗೆ ವರ್ಷಗಟ್ಟಲೆ ಅಲೆದವರು. ಅರಸಿನ ಕುಂಕುಮದ ದಿನ ನೆರೆದ ಹೆಂಗಸರ ಮುಂದೆ ಅವರನ್ನು ಹೊಗಳುತ್ತಾ ಇವರು ಹಿಂದಿಯಲ್ಲಿ ‘ಯೇ ಆಜೀ ಬಹುತ್ ಘಾಟೀ ಹೈ, ಇನ್‌ಕೋ ಕೋಯೀ ಬೇವಕೂಫ್ ನಹೀ ಬನಾ ಸಕ್ತಾ’ (ಈ ಆಜಿ ಭಾರೀ ಘಾಟಿ, ಇವರನ್ನು ಯಾರೂ ಮೂರ್ಖರನ್ನಾಗಿ ಮಾಡಲಾರರು) ಎಂದರು. ಯಾರೋ ಮೊದಲರ್ಧ ಮಾತ್ರ ಕತ್ತರಿಸಿ ಹಂಚಿದರು. ಸಂಜೆಯೊಳಗೆ ಒಂದು ವಾಹಿನಿ, ಮೂರ್ನಾಲ್ಕು ಯೂಟ್ಯೂಬಿನವರು ‘ಮರಾಠಿ ಆಜಿಗೆ ಅಣ್ಣನ ಅವಮಾನ’ ಎಂದು ಹಾಕಿದರು (ದಕ್ಷಿಣದ ಹೊಟೇಲಿನವರನ್ನು ಇಲ್ಲಿ ಅಣ್ಣ ಎನ್ನುತ್ತಾರೆ). ಪೊಲೀಸ್ ಠಾಣೆಗೂ ಯಾರೋ ಅರ್ಜಿ ಕೊಟ್ಟಿದ್ದಾರಂತೆ. ಇವರು ಸೋತರು, ಅದಿರಲಿ. ಆದರೆ ಆ ವೀಡಿಯೊ ಇವತ್ತಿಗೂ ತಿರುಗುತ್ತಿದೆ. ಮಗಳಿಗೆ ಕಾಲೇಜಿನಲ್ಲಿ ಕೇಳುತ್ತಾರೆ. ಇವರು ಆಜಿಯ ಚಾಳಿನ ದಾರಿಯನ್ನೇ ಬಿಟ್ಟಿದ್ದಾರೆ. ಕ್ಷಮೆ ಕೇಳಿದರೆ ತಪ್ಪು ಒಪ್ಪಿಕೊಂಡಂತೆ ಆಗುವುದಿಲ್ಲವೇ? ಮಾನನಷ್ಟ ಕೇಸು ಹಾಕಬಹುದೇ? ಮುಂದೆ ಚುನಾವಣೆಗೆ ನಿಲ್ಲಲು ಇದರಿಂದ ತೊಡಕಾದೀತೇ? ಮಾಧ್ಯಮದವರು ದುಡ್ಡು ತಿಂದೇ ಹೀಗೆ ಮಾಡುತ್ತಾರೆಯೇ?”

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆಗಳು ನಾಲ್ಕಿದ್ದರೂ ಅವುಗಳ ಅಡಿಯಲ್ಲಿರುವ ಸಂಕಟ ಒಂದೇ ಎಂದು ನನಗನಿಸಿತು. ಅಷ್ಟು ವರ್ಷ ಒಟ್ಟಿಗೆ ಬಾಳಿದ ಊರು ಒಂದು ಶಬ್ದದಿಂದ ನಮ್ಮನ್ನು ಹೊರಗಿನವರನ್ನಾಗಿ ಮಾಡಿಬಿಟ್ಟಿತಲ್ಲ ಎಂಬ ನೋವು ಅದು. ನಾನು ಇದೇ ಮುಂಬಯಿಯಲ್ಲಿ ಹದಿನಾಲ್ಕು ವರ್ಷ ಸುದ್ದಿವಾಹಿನಿಗಳ ಡೆಸ್ಕಿನಲ್ಲಿ ಕೂತಿದ್ದೆ. ಈಗ ಚುನಾವಣೆಗೆ ನಿಲ್ಲುವವರಿಗೆ ಮಾಧ್ಯಮದ ವಿಷಯದಲ್ಲಿ ಸಲಹೆ ಕೊಡುತ್ತೇನೆ. ಮೇಜಿನ ಎರಡೂ ಬದಿ ಕಂಡಿರುವುದರಿಂದ ನಿಮಗೆ ಹಿತವಾಗುವ ಮಾತನ್ನೂ ಹಿತವಾಗದ ಮಾತನ್ನೂ ಹೇಳುತ್ತೇನೆ.

ಮೊದಲು ಆ ಶಬ್ದದ ವಿಷಯ. ಕನ್ನಡದಲ್ಲಿ ‘ಆ ಮುದುಕಿ ಭಾರೀ ಘಾಟಿ’ ಎಂದರೆ ಚುರುಕಿನವಳು, ಪಳಗಿದವಳು, ಸುಲಭಕ್ಕೆ ಬಗ್ಗುವವಳಲ್ಲ ಎಂದು ಅರ್ಥ. ಸ್ವಲ್ಪ ಕೊಂಕು ಬೆರೆತಿದ್ದರೂ ಅದು ಹೊಗಳಿಕೆಯೇ. ಘಟ್ಟದ ದಾರಿಗೂ ನಾವು ಘಾಟಿ ಎನ್ನುತ್ತೇವೆ, ಚಾರ್ಮಾಡಿ ಘಾಟಿ, ಶಿರಾಡಿ ಘಾಟಿ. ಮುಂಬಯಿಯ ಬೀದಿಯಲ್ಲಿ ಅದೇ ಶಬ್ದದ ಚರಿತ್ರೆ ಬೇರೆ. ಸಹ್ಯಾದ್ರಿ ಇಳಿದು ಸಾತಾರಾ, ಕೊಲ್ಲಾಪುರದ ಕಡೆಯಿಂದ ಹೊಟ್ಟೆಪಾಡಿಗೆ ಬಂದು ಗಿರಣಿಗಳಲ್ಲಿ ದುಡಿದ, ಮಂಡಿಗಳಲ್ಲಿ ಮೂಟೆ ಹೊತ್ತ ಮರಾಠಿಗರನ್ನು ‘ಒರಟರು, ತಿಳಿಯದವರು’ ಎಂದು ಹೀಯಾಳಿಸಲು ಬಳಸಿದ ಶಬ್ದ ಅದು. ನಿಮ್ಮ ಆಜಿಯ ತಂದೆಯೋ ಗಂಡನೋ ಅದನ್ನು ಎಷ್ಟು ಬಾಯಲ್ಲಿ ಕೇಳಿಸಿಕೊಂಡಿರಬಹುದು, ಯೋಚಿಸಿ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ದಿನಗಳಲ್ಲಿ ‘ಬಜಾವ್ ಪುಂಗಿ, ಹಟಾವ್ ಲುಂಗಿ’ (ಪುಂಗಿ ಊದಿ, ಲುಂಗಿಯವರನ್ನು ಓಡಿಸಿ) ಎಂಬ ಕೂಗು ನಮ್ಮ ಹೊಟೇಲುಗಳ ಮುಂದೆ ಮೊಳಗಿತ್ತಲ್ಲ? ‘ಲುಂಗಿವಾಲಾ’ ಎಂದು ಯಾರಾದರೂ ಸಲಿಗೆಯಿಂದ ಅಂದರೂ ನಮ್ಮ ಹಿರಿಯರ ಮುಖ ಸಣ್ಣದಾಗುತ್ತಿತ್ತು. ‘ಘಾಟಿ’ಯೂ ಆ ಜಾತಿಯ ಶಬ್ದ.

ಹಾಗಾಗಿ ನಿಮ್ಮವರು ಅವಮಾನ ಮಾಡಿದರು ಎಂಬುದೂ ಸುಳ್ಳು, ಏನೂ ಆಗಲಿಲ್ಲ ಎಂಬುದೂ ಸುಳ್ಳು. ಆಡಿದ್ದು ಕನ್ನಡದ ಶಬ್ದ, ಕೇಳಿಸಿದ್ದು ಮುಂಬಯಿಯ ಶಬ್ದ. ಮುಂದಿನ ಮಾತೆಲ್ಲ ಇದನ್ನೇ ಆಧರಿಸಿದೆ.

ಇಂಥ ಎಡವಟ್ಟು ದೊಡ್ಡವರಿಗೂ ತಪ್ಪಿಲ್ಲ. 2017ರ ಡಿಸೆಂಬರಿನಲ್ಲಿ, ಗುಜರಾತ್ ವಿಧಾನಸಭೆಯ ಮತದಾನಕ್ಕೆ ಇನ್ನೆರಡು ದಿನ ಇರುವಾಗ, ಕಾಂಗ್ರೆಸ್ಸಿನ ಮಣಿಶಂಕರ್ ಅಯ್ಯರ್ ಅವರು ಪ್ರಧಾನಿಯ ಬಗ್ಗೆ ‘ನೀಚ್’ ಎಂಬ ಶಬ್ದ ಬಳಸಿದರು. ಹಿಂದಿ ತಮ್ಮ ಮಾತೃಭಾಷೆಯಲ್ಲ, ಇಂಗ್ಲಿಷಿನಲ್ಲಿ ಯೋಚಿಸಿ ಹಿಂದಿಯಲ್ಲಿ ಹೇಳಿದೆ ಎಂದು ವಿವರಿಸಿದರು. ಅಂದೇ ಪಕ್ಷದಿಂದ ಅಮಾನತಾದರು. 2022ರ ಜುಲೈಯಲ್ಲಿ ಅದೇ ಪಕ್ಷದ ಅಧೀರ್ ರಂಜನ್ ಚೌಧರಿ ಅವರು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರನ್ನು ‘ರಾಷ್ಟ್ರಪತ್ನಿ’ ಎಂದಾಗ, ತಾನು ಬಂಗಾಳಿ, ಹಿಂದಿ ಸರಿಯಾಗಿ ಬಾರದು, ನಾಲಿಗೆ ತಪ್ಪಿತು ಎಂದರು. ಸಂಸತ್ತಿನ ಕಲಾಪವೇ ನಿಂತಿತು. ಕೊನೆಗೆ ರಾಷ್ಟ್ರಪತಿಗಳಿಗೆ ಪತ್ರ ಬರೆದು ಕ್ಷಮೆ ಕೇಳಿದರು. ಈ ಎರಡನ್ನೂ ನಾನು ಒಂದೇ ತಕ್ಕಡಿಗೆ ಹಾಕುವುದಿಲ್ಲ. ಎದುರಾಳಿಯನ್ನು ಹಳಿಯಬೇಕೆಂದೇ ಹೊರಟವನು ಶಬ್ದದಲ್ಲಿ ಎಡವುವುದು ಬೇರೆ, ಹಳಿಯುವ ಉದ್ದೇಶವೇ ಇಲ್ಲದ ಕಡೆ ಎಡವುವುದು ಬೇರೆ. ಸುದ್ದಿಯಲ್ಲಿ ಮಾತ್ರ ಎರಡಕ್ಕೂ ಒಂದೇ ಕೆಂಪು ಪಟ್ಟಿ, ಒಂದೇ ಗಾತ್ರದ ಅಕ್ಷರ.

ಇನ್ನು ದುಡ್ಡಿನ ಪ್ರಶ್ನೆ. ಕಾಸು ಪಡೆದು ಸುದ್ದಿ ಹಾಕುವ ಪಿಡುಗು ಇರುವುದು ನಿಜ. ಚುನಾವಣಾ ಆಯೋಗ ಜಿಲ್ಲಾ ಮಟ್ಟದಲ್ಲಿ ಅದಕ್ಕೆಂದೇ ನಿಗಾ ಸಮಿತಿ ಇಟ್ಟಿದೆ. ಆದರೆ ನಿಮ್ಮ ಪ್ರಕರಣದಲ್ಲಿ ಯಾರೂ ದುಡ್ಡು ಕೊಡಬೇಕಾದ ಅಗತ್ಯವೇ ಇರಲಿಲ್ಲ. ಡೆಸ್ಕಿನಲ್ಲಿ ನಡೆಯುವುದು ಹೀಗೆ. ಮಧ್ಯಾಹ್ನ ಮೂರರ ಹೊತ್ತಿಗೆ ಎದುರು ಗುಂಪಿನ ಕಾರ್ಯಕರ್ತನೊಬ್ಬ ವರದಿಗಾರನ ವಾಟ್ಸಾಪಿಗೆ ತುಣುಕು ಕಳಿಸುತ್ತಾನೆ. ಕಳಿಸುವಾಗಲೇ ಅದು ಕತ್ತರಿಸಿ ಸಿದ್ಧವಾಗಿರುತ್ತದೆ. ಸಂಜೆಯ ಬುಲೆಟಿನ್ನಿಗೆ ಸರಕು ಬೇಕು. ವಾರ್ಡಿನ ನೀರಿನ ಸುದ್ದಿ ಮಾಡಲು ಕ್ಯಾಮೆರಾದವನನ್ನು ಗುಡ್ಡ ಹತ್ತಿಸಬೇಕು, ಕಡತ ಓದಬೇಕು, ಎಂಜಿನಿಯರನ್ನು ಹಿಡಿಯಬೇಕು. ಅದು ಎರಡು ದಿನದ ಕೆಲಸ. ತುಣುಕಿಗೆ ಇಪ್ಪತ್ತು ನಿಮಿಷ ಸಾಕು. ಇನ್ನೊಂದು ಪಕ್ಷದವರಿಗೆ ಫೋನು ಮಾಡಿ ‘ಪ್ರತಿಕ್ರಿಯೆ’ ಪಡೆದರೆ ಅದು ‘ವಿವಾದ’ವಾಗುತ್ತದೆ. ನಾಲ್ವರನ್ನು ಚರ್ಚೆಗೆ ಕೂರಿಸಿದರೆ ಒಂದು ಗಂಟೆ ತುಂಬುತ್ತದೆ. ಶಬ್ದದ ಬಗ್ಗೆ ಎಲ್ಲರಿಗೂ ಅಭಿಪ್ರಾಯ ಇರುತ್ತದೆ. ಪಾಲಿಕೆಯ ಬಜೆಟ್ಟಿನ ಬಗ್ಗೆ ಇರುವುದಿಲ್ಲ.

ನನ್ನನ್ನು ತೀರಾ ಕಾಡುವುದು ಇದೇ. ಮುಂಬಯಿ ಪಾಲಿಕೆಯ 2025–26ರ ಬಜೆಟ್ 74,427 ಕೋಟಿ ರೂಪಾಯಿ. 2022ರ ಮಾರ್ಚಿನಲ್ಲಿ ಹಿಂದಿನ ಸಭೆಯ ಅವಧಿ ಮುಗಿದ ಮೇಲೆ ಅಷ್ಟೂ ದುಡ್ಡನ್ನು ವರ್ಷವರ್ಷವೂ ಒಬ್ಬ ಆಡಳಿತಾಧಿಕಾರಿ ಖರ್ಚು ಮಾಡುತ್ತಾ ಬಂದರು. ಕೇಳಲು 227 ವಾರ್ಡುಗಳಲ್ಲಿ ಒಬ್ಬ ನಗರಸೇವಕನೂ (ಚುನಾಯಿತ ಸದಸ್ಯ) ಇರಲಿಲ್ಲ. ಭಾಂಡುಪಿನಲ್ಲೇ ಏಷ್ಯಾದ ದೊಡ್ಡ ನೀರು ಶುದ್ಧೀಕರಣ ಕೇಂದ್ರಗಳಲ್ಲೊಂದಿದೆ. ಅದೇ ಭಾಂಡುಪಿನ ಗುಡ್ಡದ ಮೇಲಿನ ಚಾಳಿನ ಹೆಂಗಸರು ಕೊಡ ಹಿಡಿದು ಕಾಯುತ್ತಾರೆ. ನಿಮ್ಮವರು ಅಂದು ಮಾತಾಡುತ್ತಿದ್ದುದು ಇದರ ಬಗ್ಗೆಯೇ. ಆ ಸಭೆಯಿಂದ ನಮ್ಮ ಕಸುಬಿನವರು ಎತ್ತಿಕೊಂಡದ್ದು ನಾಲ್ಕು ಸೆಕೆಂಡು, ಅದರಲ್ಲಿ ನೀರಿನ ಹನಿಯೂ ಇರಲಿಲ್ಲ. ಉಮೇದುವಾರ ಬರೆದುಕೊಂಡು ಬಂದು ಓದಿದ ಭರವಸೆಯನ್ನು ಯಾರೂ ಜರಡಿ ಹಿಡಿಯುವುದಿಲ್ಲ, ಬಾಯಿ ತಪ್ಪಿ ಬಂದದ್ದನ್ನು ಎಲ್ಲರೂ ಹಿಡಿಯುತ್ತಾರೆ.

ನಾನೂ ಈ ಪಾಪದಲ್ಲಿ ಪಾಲುದಾರ. ಹಲವು ವರ್ಷಗಳ ಹಿಂದೆ ಉತ್ತರ ಭಾರತದ ಮೂಲದ ಒಬ್ಬ ಮಹಿಳಾ ಉಮೇದುವಾರರು ಕಷ್ಟಪಟ್ಟು ಮರಾಠಿಯಲ್ಲಿ ಭಾಷಣ ಮಾಡಿದರು. ‘ನಿಮ್ಮ ನೀರಿಗಾಗಿ ಪೂರ್ತಿ ಚೇಷ್ಟಾ ಮಾಡುತ್ತೇನೆ’ ಎಂದರು. ಅವರ ಹಿಂದಿಯಲ್ಲಿ ಚೇಷ್ಟಾ ಎಂದರೆ ಪ್ರಯತ್ನ, ಮರಾಠಿಯಲ್ಲಿ ಗೇಲಿ. ಆಕೆ ಏನು ಹೇಳಹೊರಟಿದ್ದರು ಎಂಬುದು ಡೆಸ್ಕಿನಲ್ಲಿದ್ದ ನಮಗೆಲ್ಲರಿಗೂ ಗೊತ್ತಿತ್ತು. ಆದರೂ ಆ ವಾಕ್ಯವನ್ನು ಕತ್ತರಿಸಿ ದಿನವಿಡೀ ಓಡಿಸಿದೆವು, ಕತ್ತರಿಸಿದ್ದು ನಾನೇ. ಆ ಚುನಾವಣೆಯಲ್ಲಿ ಮುಂದೆ ಅವರು ಮರಾಠಿಯಲ್ಲಿ ಒಂದು ವಾಕ್ಯವನ್ನೂ ಆಡಲಿಲ್ಲ. ಕಲಿಯಲು ಹೊರಟ ಒಬ್ಬರ ಬಾಯಿ ಮುಚ್ಚಿಸಿದೆವು ಎಂಬುದು ಆಮೇಲೆ ಹೊಳೆಯಿತು.

ಹಾಗೆಂದು ಬಾಯಿ ತಪ್ಪಿದ ಮಾತನ್ನೆಲ್ಲ ಮನ್ನಿಸಬೇಕೆಂದು ನಾನು ಹೇಳುವುದಿಲ್ಲ. 2008ರ ನವೆಂಬರ್ 26ರ ದಾಳಿಯಲ್ಲಿ 166 ಮಂದಿ ಸತ್ತಿದ್ದರು. ಮಹಾರಾಷ್ಟ್ರದ ಆಗಿನ ಗೃಹಮಂತ್ರಿ ಆರ್.ಆರ್. ಪಾಟೀಲರು ‘ದೊಡ್ಡ ಊರುಗಳಲ್ಲಿ ಇಂಥ ಸಣ್ಣಪುಟ್ಟ ಘಟನೆ ಆಗುತ್ತವೆ’ ಎಂಬರ್ಥದ ಮಾತನ್ನು ಹಿಂದಿಯಲ್ಲಿ ಆಡಿದರು. ಮರಾಠಿಯಲ್ಲಿ ಸೊಗಸಾಗಿ ಮಾತಾಡುತ್ತಿದ್ದ, ಸರಳ ಎಂದು ಹೆಸರಾಗಿದ್ದ ಮನುಷ್ಯ. ಡಿಸೆಂಬರ್ 1ಕ್ಕೆ ರಾಜೀನಾಮೆ ಕೊಟ್ಟರು. ಅಲ್ಲಿ ಮಾಧ್ಯಮ ಅತಿ ಮಾಡಿತು ಎಂದು ನನಗೆ ಅನಿಸಿಲ್ಲ. ಹೊಣೆ ಅವರದ್ದೇ ಆಗಿತ್ತು, ಕೇಳುತ್ತಿದ್ದವರು ಹೆಣ ಎತ್ತಿ ಬಂದಿದ್ದರು. 2024ರ ವಿಧಾನಸಭಾ ಚುನಾವಣೆಯಲ್ಲಿ ಮುಂಬಾದೇವಿಯ ಉಮೇದುವಾರರಾಗಿದ್ದ ಶಾಯಿನಾ ಎನ್.ಸಿ. ಅವರ ಬಗ್ಗೆ ಸಂಸದ ಅರವಿಂದ ಸಾವಂತರು ‘ಇಂಪೋರ್ಟೆಡ್ ಮಾಲ್’ ಎಂದಾಗಲೂ ಅಷ್ಟೇ. ಮಾಲ್ ಎಂದರೆ ಸರಕು ಎಂಬ ವಿವರಣೆ ಬಂತು, ಆಮೇಲೆ ವಿಷಾದವೂ ಬಂತು. ಬಜಾರದಲ್ಲಿ ಅದು ಸರಕೇ ಇರಬಹುದು. ಹೆಂಗಸಿನ ಬಗ್ಗೆ ಆಡಿದಾಗ ಕೇಳುವ ಹೆಂಗಸಿಗೆ ಅದು ಸರಕಲ್ಲ. ಒಂದು ಮಾತನ್ನು ತೂಗುವಾಗ ನಾನು ನೋಡುವುದು ಮೂರು ಸಂಗತಿ: ಆಡಿದವನಿಗೆ ಆ ವಿಷಯದ ಹೊಣೆ ಇತ್ತೇ, ಯಾರ ಕಿವಿಗೆ ಬಿತ್ತು, ಹಿಂದೆಯೂ ಹಾಗೇ ಆಡಿದ್ದಾನೆಯೇ. ನಿಮ್ಮವರ ಮಾತು ಎರಡನೆಯದರಲ್ಲಿ ಮಾತ್ರ ಸಿಕ್ಕಿಬೀಳುತ್ತದೆ.

ಕಾನೂನಿನ ಭಯ ಸಾಮಾನ್ಯವಾಗಿ ಬೇಕಿರುವುದಕ್ಕಿಂತ ಹೆಚ್ಚೇ ಇರುತ್ತದೆ. ಮತದಾರರನ್ನು ಧರ್ಮ, ಜಾತಿ, ಭಾಷೆಯ ಹೆಸರಲ್ಲಿ ವೋಟು ಕೇಳುವುದನ್ನು 1951ರ ಪ್ರಜಾಪ್ರತಿನಿಧಿ ಕಾಯ್ದೆ ಭ್ರಷ್ಟ ಆಚರಣೆ ಎನ್ನುತ್ತದೆ. ಅದು ಲೋಕಸಭೆ, ವಿಧಾನಸಭೆಗೆ. ಮುಂಬಯಿ ಪಾಲಿಕೆಯ ಚುನಾವಣೆ ನಡೆಯುವುದು 1888ರ ಕಾಯ್ದೆಯ ಅಡಿಯಲ್ಲಿ. ಆದರೂ ನ್ಯಾಯಾಲಯ ಮಾತನ್ನು ಹೇಗೆ ನೋಡುತ್ತದೆ ಎಂಬುದಕ್ಕೆ ಮುಂಬಯಿಯದೇ ಎರಡು ತೀರ್ಪುಗಳಿವೆ, ಎರಡೂ 1995ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟಿನಿಂದ ಬಂದವು. 1990ರಲ್ಲಿ ದಾದರಿನಿಂದ ಗೆದ್ದ ಶಿವಸೇನೆಯ ಮನೋಹರ ಜೋಶಿಯವರು ಶಿವಾಜಿ ಪಾರ್ಕಿನ ಸಭೆಯಲ್ಲಿ ಮೊದಲ ಹಿಂದೂ ರಾಜ್ಯ ಮಹಾರಾಷ್ಟ್ರದಲ್ಲೇ ಆಗುತ್ತದೆ ಎಂದಿದ್ದರು. ಹೈಕೋರ್ಟು ಆಯ್ಕೆ ರದ್ದು ಮಾಡಿತ್ತು. ಆ ಮಾತು ಎಷ್ಟೇ ಹೇಯವಾದರೂ ಅಷ್ಟರಿಂದಲೇ ಅದು ಧರ್ಮದ ಹೆಸರಲ್ಲಿ ಮತ ಕೇಳಿದಂತಾಗದು ಎಂದು ಸುಪ್ರೀಂ ಕೋರ್ಟು ಆಯ್ಕೆಯನ್ನು ಎತ್ತಿಹಿಡಿಯಿತು. ಅದೇ ದಿನ 1987ರ ವಿಲೆಪಾರ್ಲೆ ಉಪಚುನಾವಣೆಯಲ್ಲಿ ಶಿವಸೇನೆಯ ನಾಯಕ ಬಾಳಾ ಠಾಕ್ರೆ ಮಾಡಿದ ಭಾಷಣಗಳ ವಿಷಯದಲ್ಲಿ ಮಾತ್ರ ರಮೇಶ ಪ್ರಭು ಅವರ ಆಯ್ಕೆ ರದ್ದಾದದ್ದು ಸರಿ ಎಂದಿತು. ಆ ಪ್ರಕರಣದಿಂದಾಗಿಯೇ ಠಾಕ್ರೆಯವರು ಆರು ವರ್ಷ ಮತದಾನದ ಹಕ್ಕು ಕಳೆದುಕೊಂಡರು. ಎಂದರೆ ನ್ಯಾಯಾಲಯ ಒಂದು ಶಬ್ದ ಹಿಡಿದು ಜಗ್ಗುವುದಿಲ್ಲ, ಇಡೀ ಭಾಷಣ ಯಾರನ್ನು ಯಾರ ಮೇಲೆ ಎತ್ತಿಕಟ್ಟುತ್ತಿದೆ ಎಂದು ನೋಡುತ್ತದೆ. ಆಜಿಯನ್ನು ಹೊಗಳಿದ ಒಂದು ವಾಕ್ಯದಿಂದ ಮುಂದೆ ನಿಲ್ಲಲು ತೊಡಕಾಗುವುದಿಲ್ಲ.

ಠಾಣೆಯ ಅರ್ಜಿಯನ್ನು ಮಾತ್ರ ಹಗುರವಾಗಿ ನೋಡಬೇಡಿ. ಸಮುದಾಯಗಳ ನಡುವೆ ದ್ವೇಷ ಹುಟ್ಟಿಸಿದ ಆರೋಪ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮಿನಲ್ಲಿ ಬರುತ್ತದೆ. ಅಲ್ಲಿ ಉದ್ದೇಶವೇ ಮುಖ್ಯ, ನಿಮ್ಮವರ ಉದ್ದೇಶ ಎರಡನೇ ಅರ್ಧ ವಾಕ್ಯದಲ್ಲಿದೆ. ಆದ್ದರಿಂದ ಪೂರ್ತಿ ವೀಡಿಯೊ ಇರುವ ಫೋನನ್ನು ಬದಲಿಸಬೇಡಿ, ಫಾರ್ಮ್ಯಾಟ್ ಮಾಡಬೇಡಿ. ವಾಟ್ಸಾಪಿನಲ್ಲಿ ಕಳಿಸಿಕೊಂಡ ಪ್ರತಿಯನ್ನು ನಂಬಿ ಕೂರಬೇಡಿ, ಮೂಲ ಫೈಲೇ ಬೇಕು, ಅದರ ಜೊತೆ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಕೊಡುವ ಪ್ರಮಾಣಪತ್ರವೂ ಬೇಕಾಗುತ್ತದೆ. ಠಾಣೆಯಿಂದ ಕರೆ ಬಂದರೆ ವಕೀಲರ ಜೊತೆ ಹೋಗಿ.

ಈಗ ನಿಮ್ಮ ಮುಂದಿರುವ ದಾರಿಗಳು. ಮಾನನಷ್ಟದ ಕೇಸಿನ ಬಗ್ಗೆ ನೀವು ಬಿಸಿಯಾಗಿ ಬರೆದಿದ್ದೀರಿ, ಆ ಬಿಸಿ ನನಗೆ ಅರ್ಥವಾಗುತ್ತದೆ. ಸಿವಿಲ್ ದಾವೆಗೆ ಒಂದು ವರ್ಷದ ಗಡುವಿದೆ, ಕ್ರಿಮಿನಲ್ ದೂರು ಸಂಹಿತೆಯ 356ನೇ ಕಲಮಿನಡಿ ಹಾಕಬಹುದು. ಆದರೆ ಶಬ್ದ ಆಡಿದ್ದು ನಿಜ. ವಾದವಿರುವುದು ತಲೆಬರಹ ಕೊಟ್ಟ ಅರ್ಥದ ಬಗ್ಗೆ. ಅದನ್ನು ಸಾಬೀತು ಮಾಡಲು ವರ್ಷಗಳು ಹಿಡಿಯುತ್ತವೆ. ಪ್ರತಿ ತಾರೀಖಿಗೂ ಆ ತುಣುಕಿಗೆ ಮತ್ತೆ ಜೀವ ಬರುತ್ತದೆ. ನಾನು ಸಲಹೆ ಕೊಟ್ಟ ಮನೆಗಳಲ್ಲಿ ಈ ದಾರಿ ಹಿಡಿದವರು ಹೆಚ್ಚಿನವರು ನಡುವೆಯೇ ಸುಸ್ತಾದರು. ನಿಮ್ಮ ಜಾಗದಲ್ಲಿದ್ದರೆ ನಾನು ಹಾಕುತ್ತಿರಲಿಲ್ಲ.

ದೂರು ಕೊಡುವ ದಾರಿಯಲ್ಲಿ ಖರ್ಚು ಕಡಿಮೆ, ಗಡುವು ಬಿಗಿ. ಟಿವಿ ವಾಹಿನಿಯಾದರೆ ಮೊದಲು ಆ ವಾಹಿನಿಗೇ ಬರೆಯಬೇಕು. ಆಮೇಲೆ, ಅದು ಸದಸ್ಯ ವಾಹಿನಿಯಾಗಿದ್ದರೆ, ಸುದ್ದಿವಾಹಿನಿಗಳ ಸ್ವನಿಯಂತ್ರಣ ಪ್ರಾಧಿಕಾರಕ್ಕೆ. ಅಲ್ಲಿ ಪ್ರಸಾರವಾದ ಏಳು ದಿನದೊಳಗೆ ಮೊದಲ ದೂರು ಹೋಗಿರಬೇಕು. ನಿಮಗೆ ಆ ಸಮಯ ಮೀರಿದೆ. ಪತ್ರಿಕೆಯಾಗಿದ್ದರೆ ಸಂಪಾದಕರಿಗೆ ಬರೆದು, ಬಳಿಕ ಪ್ರೆಸ್ ಕೌನ್ಸಿಲಿಗೆ ಹೋಗಬಹುದು, ದಿನಪತ್ರಿಕೆಗೆ ಎರಡು ತಿಂಗಳ ಅವಕಾಶ. ಯೂಟ್ಯೂಬಿನಲ್ಲಿ ಸುದ್ದಿ ನಡೆಸುವವರಿಗೆ 2021ರ ಐಟಿ ನಿಯಮಗಳ ಪ್ರಕಾರ ದೂರು ಕೇಳುವ ಅಧಿಕಾರಿ ಇರಬೇಕು, 15 ದಿನದಲ್ಲಿ ಉತ್ತರ ಕೊಡಬೇಕು. ತುಣುಕು ಈಗಲೂ ಅವರ ಪುಟದಲ್ಲಿದೆಯಲ್ಲ, ಅಲ್ಲಿಗೆ ಬರೆಯಿರಿ. ‘ಅಳಿಸಿ’ ಎಂದು ಕೇಳುವ ಬದಲು ‘ಪೂರ್ತಿ ವಾಕ್ಯ ಸೇರಿಸಿ, ತಲೆಬರಹ ತಿದ್ದಿ’ ಎಂದು ಕೇಳಿ. ಅಳಿಸಿ ಎಂದರೆ ಅದೇ ಮತ್ತೊಂದು ಸುದ್ದಿಯಾದೀತು. ತಿದ್ದಿ ಎಂದರೆ ಡೆಸ್ಕಿನಲ್ಲಿ ಒಬ್ಬನಾದರೂ ನಾಚಿಕೊಳ್ಳುವವನು ಸಿಗುತ್ತಾನೆ.

ಪೂರ್ತಿ ವೀಡಿಯೊವನ್ನು ನೀವೇ ಹಂಚುವುದರಲ್ಲೂ ಒಂದು ಅಪಾಯವಿದೆ. ‘ನೋಡಿ, ನಾವು ಹೊಗಳಿದ್ದೆವು’ ಎಂದು ವಾದಿಸಿದರೆ, ‘ಹಾಗಾದರೆ ಘಾಟಿ ಎನ್ನುವುದು ಹೊಗಳಿಕೆಯೇ?’ ಎಂದು ಮರುಪ್ರಶ್ನೆ ಬರುತ್ತದೆ. ಅದಕ್ಕೆ ನಿಘಂಟು ತೆರೆದು ಉತ್ತರಿಸಲು ಹೋದರೆ ನೋವಾದವರಿಗೆ ಪಾಠ ಹೇಳಿದಂತಾಗುತ್ತದೆ. ವೀಡಿಯೊ ಹಂಚುವುದಾದರೆ ಕ್ಷಮೆಯ ನಂತರ, ಕ್ಷಮೆಯ ಜೊತೆಗೇ.

ಆ ಕ್ಷಮೆಯ ವಿಷಯಕ್ಕೇ ಬರುತ್ತೇನೆ, ಏಕೆಂದರೆ ನೀವು ಹೆಚ್ಚು ಹೆದರಿರುವುದು ಅದಕ್ಕೆ. ಕ್ಷಮೆ ಕೇಳುವುದು ಅಪರಾಧ ಒಪ್ಪಿಕೊಂಡಂತಲ್ಲ, ಹೇಳುವ ರೀತಿ ಸರಿಯಿದ್ದರೆ. 2013ರ ಏಪ್ರಿಲಿನಲ್ಲಿ, ಬರದ ನಡುವೆ, ಪುಣೆ ಜಿಲ್ಲೆಯ ಇಂದಾಪುರದ ಕಡೆ ಆಗಿನ ಉಪಮುಖ್ಯಮಂತ್ರಿ ಅಜಿತ್ ಪವಾರರು ಅಣೆಕಟ್ಟಿಗೆ ನೀರೆಲ್ಲಿಂದ ತರಲಿ, ಮೂತ್ರ ಹೊಯ್ಯಬೇಕೇ ಎಂಬರ್ಥದ ಮಾತಾಡಿದ್ದರು. ಕ್ಷಮೆ ಕೇಳಿದರು. ಸಾಲದೆಂದು ಕರಾಡಿನ ಯಶವಂತರಾವ್ ಚವಾಣರ ಸಮಾಧಿಯ ಬಳಿ ಒಂದು ದಿನ ಉಪವಾಸ ಕೂತರು. ಆ ಮಾತು ಅವರನ್ನು ಪೂರ್ತಿ ಬಿಟ್ಟುಹೋಗಲಿಲ್ಲ, ಆದರೆ ರಾಜಕಾರಣವೂ ನಿಲ್ಲಲಿಲ್ಲ. ಅವರದ್ದು ನಿಮ್ಮವರದ್ದಕ್ಕಿಂತ ಎಷ್ಟೋ ಪಟ್ಟು ಕಠೋರವಾದ ಮಾತು.

ಕ್ಷಮೆಯನ್ನು ಕೆಡಿಸುವುದು ಒಂದು ಸಣ್ಣ ಪದ, ‘ನೋವಾಗಿದ್ದರೆ’. ಆ ‘ರೆ’ಯನ್ನು ಕೇಳಿದ ಕೂಡಲೇ ಎದುರಿನವರಿಗೆ ‘ನಿನಗೆ ನೋವಾಯಿತೆಂದು ನಾನು ನಂಬುವುದಿಲ್ಲ’ ಎಂದು ಕೇಳಿಸುತ್ತದೆ. ಇನ್ನೊಂದು, ಕ್ಷಮೆಯ ಬೆನ್ನಿಗೇ ‘ಆದರೆ ನನ್ನ ಮಾತನ್ನು ತಿರುಚಲಾಗಿದೆ’ ಎನ್ನುವುದು. ತಿರುಚಿದ್ದು ನಿಜವೇ. ಅದನ್ನು ವಾಹಿನಿಗೆ ಬರೆದ ಪತ್ರದಲ್ಲಿ ಹೇಳಿ, ಆಜಿಯ ಎದುರು ಬೇಡ.

ನೀವು ಪತ್ರದಲ್ಲಿ ವಾಹಿನಿ, ಕಾಲೇಜು, ಠಾಣೆ, ಕೋರ್ಟು ಎಲ್ಲವನ್ನೂ ಬರೆದಿದ್ದೀರಿ. ಆಜಿ ಏನೆಂದರು ಎಂದು ಬರೆದಿಲ್ಲ. ಅವರ ಮನೆಗೆ ಯಾರಾದರೂ ಹೋಗಿದ್ದಿರಾ ಎಂಬುದೂ ಇಲ್ಲ. ತುಣುಕಿನ ಸ್ವಭಾವವೇ ಅದು, ಮಾತಿನಿಂದ ಕೇಳುಗನನ್ನು ಕತ್ತರಿಸಿ ತೆಗೆಯುತ್ತದೆ. ಆಮೇಲೆ ಆಡಿದವನೂ ಊರಿಗೇ ಉತ್ತರ ಕೊಡಲು ಹೊರಡುತ್ತಾನೆ, ಯಾರಿಗೆ ಆಡಿದನೋ ಅವರನ್ನು ಮರೆಯುತ್ತಾನೆ. ಅಂದು ಆಜಿ ನಕ್ಕಿರಬಹುದು, ಹೊಗಳಿಕೆ ಎಂದೇ ತಿಳಿದಿರಬಹುದು. ಸಂಜೆ ನೆರೆಮನೆಯವರ ಫೋನಿನಲ್ಲಿ ನೋಡಿದಾಗ ಮುಖ ಬಾಡಿರಬಹುದು. ಅಂದಿನಿಂದ ಹೊಟೇಲಿನ ಅಣ್ಣ ಚಾಳಿನ ದಾರಿಯನ್ನೇ ಬಿಟ್ಟಿದ್ದಾನೆ. ಅವರ ಕಡೆಯಿಂದ ನೋಡಿದರೆ ಇದು ಹೇಗೆ ಕಂಡೀತು?

ಹಿಂದಿ, ಮರಾಠಿ ಮಾತಾಡುವುದನ್ನೇ ಬಿಡುತ್ತೇನೆ ಎಂದು ನಿಮ್ಮವರು ಅನ್ನುತ್ತಿದ್ದರೆ ದಯವಿಟ್ಟು ತಡೆಯಿರಿ. ಈ ಊರಲ್ಲಿ ಅದು ಅಂಗಡಿ ಮುಚ್ಚಿದಂತೆ. ಬದಲಿಗೆ ಹಿಂದಿಯನ್ನು ಕಡಿಮೆ ಮಾಡಿ ಮರಾಠಿಯನ್ನು ಹೆಚ್ಚಿಸಲಿ, ತಪ್ಪು ಮರಾಠಿಯಾದರೂ ಸರಿ. ಸಭೆಗೆ ಮೊದಲು ಮರಾಠಿ ಮನೆಮಾತಿನ ಒಬ್ಬ ಗೆಳೆಯನಿಗೆ ಹೇಳಬೇಕಾದುದನ್ನು ಹೇಳಿ ತೋರಿಸಲಿ. ನಮಗೆ ಬಲೆ ಬೀಸುವುದು ಗೊತ್ತಿಲ್ಲದ ಶಬ್ದಗಳಲ್ಲ, ಗೊತ್ತಿದೆ ಎಂದುಕೊಂಡ ಶಬ್ದಗಳು. ನಮ್ಮ ‘ಅನುಮಾನ’ ಸಂಶಯ, ಅವರ ‘ಅನುಮಾನ’ ಅಂದಾಜು. ನಮ್ಮ ‘ವ್ಯವಸಾಯ’ ಬೇಸಾಯ, ಅವರದ್ದು ವ್ಯಾಪಾರ, ವೃತ್ತಿ. ನಮ್ಮ ‘ರಾಗ’ ಸಂಗೀತದ್ದು, ಅವರ ‘ರಾಗ’ ಸಿಟ್ಟು. ಇಂಥ ಇಪ್ಪತ್ತು ಶಬ್ದಗಳ ಪಟ್ಟಿ ಕಿಸೆಯಲ್ಲಿದ್ದರೆ ಸಾಕು. ಮತ್ತೆ, ಪ್ರತಿ ಸಭೆಯನ್ನೂ ನಿಮ್ಮ ಕಡೆಯವರೊಬ್ಬರು ಮೊದಲಿಂದ ಕೊನೆಯವರೆಗೆ ರೆಕಾರ್ಡ್ ಮಾಡಲಿ. ಈ ಸಲ ನಿಮ್ಮನ್ನು ಕಾಪಾಡುತ್ತಿರುವುದು ಅಂಥ ಪೂರ್ತಿ ವೀಡಿಯೊ ಒಂದೇ.

ಈ ವಾರವೇ ಆಜಿಯ ಮನೆಗೆ ಹೋಗಿ, ಇಬ್ಬರೂ. ಅರಸಿನ ಕುಂಕುಮಕ್ಕೆ ಹೋದ ಹಾಗೆಯೇ ಹೋಗಿ. ಜೊತೆಗೆ ಕಾರ್ಯಕರ್ತರು ಬೇಡ, ಫೋನು ಕೈಚೀಲದಲ್ಲೇ ಇರಲಿ. ನಿಮ್ಮವರು ಮರಾಠಿಯಲ್ಲೇ ಎರಡು ವಾಕ್ಯ ಹೇಳಲಿ: ‘ಆಜೀ, ಮಾಝ್ಯಾ ತೋಂಡೂನ್ ಚುಕೀಚಾ ಶಬ್ದ ಗೇಲಾ. ಮಲಾ ಮಾಫ್ ಕರಾ.’ (ಆಜೀ, ನನ್ನ ಬಾಯಿಂದ ತಪ್ಪು ಶಬ್ದ ಬಂತು. ನನ್ನನ್ನು ಕ್ಷಮಿಸಿ.) ಕನ್ನಡದಲ್ಲಿ ಆ ಶಬ್ದಕ್ಕೆ ಏನರ್ಥ ಎಂದು ಅವರಾಗಿ ಕೇಳಿದರೆ ಮಾತ್ರ ಹೇಳಲಿ. ಬೈದರೆ ಕೂತು ಬೈಸಿಕೊಳ್ಳಲಿ. ಆಮೇಲೆ ಪೈಪಿನ ಅರ್ಜಿ ಎಲ್ಲಿಗೆ ಬಂತು ಎಂದು ವಿಚಾರಿಸಿ. ಚುನಾವಣೆ ಮುಗಿದ ಮೇಲೆ ಅದನ್ನು ಕೇಳಲು ಬಂದವರು ನೀವೇ ಮೊದಲಿಗರಾಗಿರಬಹುದು.